ಟೈರಿಗೂ ತೋಟದ ಲೆಕ್ಕ

ಮೊನ್ನೆ ತುಮಕೂರಿನ ಟೈರ್ ಅಂಗಡಿಯಲ್ಲಿ ನನ್ನ ಕಾರಿನ ಮುಂದಿನ ಚಕ್ರ ಬಿಚ್ಚಿದವನು, "ಸೈಡಲ್ಲೇ ಕಲ್ಲು ಕೊಯ್ದೈತೆ ಸಾರ್, ಇಲ್ಲಿ ಪ್ಯಾಚ್ ನಿಲ್ಲಲ್ಲ. ಒಂದೇ ಹಾಕ್ಲಾ, ಜೋಡಿನೇ ಹಾಕ್ಲಾ?" ಅಂದ. "ಜೋಡಿನೇ ಹಾಕಪ್ಪ" ಅಂದೆ. ಹಿಂದೆ ಅಪ್ಪನಾಗಿದ್ದರೆ ಆ ಪ್ರಶ್ನೆಗೇ ಜಗಳ ತೆಗೆಯುತ್ತಿದ್ದ.

ಅಪ್ಪ ಹಾಗಲವಾಡಿಯ ತೆಂಗಿನ ತೋಟದಲ್ಲಿ ಬೆಳೆದವನು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿ, ಆಫೀಸಿನ ಕುರ್ಚಿಯಲ್ಲಿ ಕೂತರೂ ತಲೆಯೊಳಗೆ ತೋಟವೇ. "ಒಂದು ಮರ ಹೋದ್ರೆ ಒಂದು ಸಸಿ ಇಡ್ತೀವಿ. ತೋಟನೇ ಕಿತ್ತಾಕ್ತೀವೇನ್ಲಾ?" ಅನ್ನುತ್ತಿದ್ದ. ಟೈರಿಗೂ ಅದೇ ಲೆಕ್ಕ. ಒಂದು ಸವೆದರೆ ಒಂದು, ಅದೂ ಅವತ್ತು ಕಣ್ಣಿಗೆ ಬಿದ್ದದ್ದು. ನಮ್ಮ ಪುಟ್ಟ ಕಾರಿಗೆ ಮುಂದೆ ಬಲಕ್ಕೆ ಹೊಸ ರೇಡಿಯಲ್ ಟೈರು, ಎಡಕ್ಕೆ ಪ್ಯಾಚ್ ಹಾಕಿಸಿದ ಹಳೇ ನೈಲಾನ್ ಟೈರು, ಹಿಂದೆ ಇನ್ನೆರಡು ಬೇರೆ ಬೇರೆ. ನಾಲ್ಕು ಮನೆಯಿಂದ ಬಂದ ಸೊಸೆಯರ ಹಾಗೆ ಒಂದಕ್ಕೊಂದು ಹೊಂದಿಕೆಯಿಲ್ಲ.

ಆ ಕಾರು ಓಡಿಸುತ್ತಿದ್ದವಳು ಅಮ್ಮ. ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಗುಬ್ಬಿಯ ಶಾಲೆಯಲ್ಲಿ ಟೀಚರ್ ಆಗಿದ್ದ ಅಮ್ಮ ನಲವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಬ್ಬಿ ರಸ್ತೆಗೆ ಬಿದ್ದಳೆಂದರೆ ಏನಾದರೂ ಗುನುಗುತ್ತಿದ್ದಳು. ಮನೆಯಲ್ಲಿ ಅವಳು ಗುನುಗಿದ್ದನ್ನು ನಾನು ಕೇಳಿಯೇ ಇಲ್ಲ.

ಅಪ್ಪ ಪಕ್ಕದಲ್ಲಿ ಕೂತರೆ ಮಾತ್ರ ಗುನುಗು ಬಂದ್. ಅವನು ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದು, ಇಲ್ಲದ ಬ್ರೇಕನ್ನು ಒತ್ತುತ್ತಾ ಕೂರುತ್ತಿದ್ದ. ಅಮ್ಮ ಬ್ರೇಕ್ ಹಾಕಿದಾಗಲೆಲ್ಲ ಕಾರು ಬಲಕ್ಕೆ ಸರಿಯುತ್ತಿತ್ತು.

"ಸ್ಟಿಯರಿಂಗ್ ನೆಟ್ಟಗೆ ಹಿಡಿಯೇ!"

"ನೆಟ್ಟಗೇ ಹಿಡ್ದಿದೀನಿ ಕಣ್ರೀ."

ಹಿಂದಿನ ಸೀಟಿನಲ್ಲಿ ನಾವು ಮಕ್ಕಳು ಕಿಸಕ್ಕನೆ ನಗುತ್ತಿದ್ದೆವು. ಬರಬರುತ್ತಾ ತನ್ನ ಕೈಯೇ ಸರಿಯಿಲ್ಲವೆಂದು ಅಮ್ಮನೂ ನಂಬಿದಳು.

ಒಂದು ಮಳೆಗಾಲ ಕುಣಿಗಲ್‌ನಲ್ಲಿ ನಿಶ್ಚಿತಾರ್ಥ ಮುಗಿಸಿ ಬರುತ್ತಿದ್ದೆವು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅಮ್ಮ ಬ್ರೇಕ್ ಒತ್ತಿದಳು. ಒದ್ದೆ ರಸ್ತೆಯಲ್ಲಿ ಕಾರು ಬಲಕ್ಕೆ ಜಾರಿ, ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಂದ ಏನೂ ಬರಲಿಲ್ಲ, ನಮ್ಮ ಪುಣ್ಯ. ಅಮ್ಮ ಕೀಲಿಯನ್ನು ಅಪ್ಪನ ಅಂಗೈಗೆ ಹಾಕಿದಳು. "ಇನ್ನು ಮುಟ್ಟಲ್ಲ. ಮಕ್ಳನ್ನ ಸಾಯ್ಸಿಬಿಡ್ತಿದ್ದೆ." ಅಪ್ಪ ಅದನ್ನು ಜೇಬಿಗೆ ಇಳಿಸಿದ. ಬೇರೆಯವರನ್ನು ಕರೆಸಿ ಕಾರು ಮನೆ ಸೇರಿಸಿದೆವು.

ಆಮೇಲೆ ಅಮ್ಮ ಬಸ್ಸು ಹಿಡಿದಳು. ಕಾರಿಗೆ ಹಳೇ ಬೆಡ್‌ಶೀಟ್ ಹೊದಿಸಿಟ್ಟೆವು. ಅದರ ಪಕ್ಕ ಹಾದುಹೋಗುವಾಗ ಅಮ್ಮ ಅತ್ತ ನೋಡುತ್ತಲೂ ಇರಲಿಲ್ಲ.

ಕೊನೆಗೆ ಅಪ್ಪ ಕಾರು ಮಾರಲು ನಿರ್ಧರಿಸಿ, ಬೆಲೆ ಕಟ್ಟಲು ನನ್ನ ಸೋದರಮಾವನನ್ನು ಕರೆಸಿದ. ಬೀದಿಯಲ್ಲೊಂದು ಸುತ್ತು ಹೊಡೆಯೋಣವೆಂದು ಮಾವ ಓಡಿಸಿದ. ಅಪ್ಪ ಪಕ್ಕದಲ್ಲಿ, ನಾನು ಹಿಂದೆ. ಕ್ರಾಸಿನಲ್ಲಿ ಮಾವ ಬ್ರೇಕ್ ಹಾಕಿದ. ಕಾರು ಬಲಕ್ಕೇ ಸರಿಯಿತು. ಮತ್ತೆ ಹಾಕಿದ, ಮತ್ತೆ ಬಲಕ್ಕೇ. ಇಳಿದು ಬಗ್ಗಿ ಮುಂದಿನ ಎರಡೂ ಟೈರು ತಡವಿದ.

"ಎಡಗಡೆದು ನೈಲಾನ್, ಬಲಗಡೆದು ರೇಡಿಯಲ್. ಹೊಸ್ದು ನೆಲ ಕಚ್ತದೆ, ಹಳೇದು ಜಾರ್ತದೆ. ಅಕ್ಕನ್ನ ಯಾಕ್ ಬೈತಿದ್ರಿ ಭಾವ? ಗಾಡಿ ಎಳೆಯೋದೇ ಹಂಗೆ."

ಅಪ್ಪ ಮಾವನ ಜೊತೆ ಅಲ್ಲಿಂದ ನೇರ ಟೈರ್ ಅಂಗಡಿಗೆ ಹೋಗಿ, ನಾಲ್ಕೂ ಒಂದೇ ಬಗೆಯ ರೇಡಿಯಲ್ ಹಾಕಿಸಿದ. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನ್ ಕೈ ಸರ್ಯಾಗೇ ಇತ್ತು ಕಣೇ. ನಾನು ಹಾಕ್ಸಿದ್ ಟೈರೇ ಸರಿ ಇರ್ಲಿಲ್ಲ" ಅಂದ. ಅಮ್ಮ ಒಲೆ ಆರಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೂ ಕೀಲಿ ಮುಟ್ಟಲು ಒಂದು ವಾರ ಹಿಡಿಯಿತು.

ಆ ಭಾನುವಾರ ಗುಬ್ಬಿಗೆ ಹೋಗಿಬಂದೆವು. ಹೋಗುವಾಗ ಸ್ಟಿಯರಿಂಗ್ ಮೇಲೆ ಅಮ್ಮನ ಬೆರಳುಗಳು ಬಿಗಿಯಾಗಿದ್ದವು. ಅಪ್ಪ ಹಿಡಿಕೆಯತ್ತ ಹೋಗುತ್ತಿದ್ದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ವಾಪಸ್ ಬರುವಾಗ ನೋಡುತ್ತೇನೆ, ಅಪ್ಪ ಬಾಯಿ ತೆರೆದುಕೊಂಡು ಗಾಢ ನಿದ್ದೆ. ಅಮ್ಮನ ಕಾರಿನಲ್ಲಿ ಅವನು ಮಲಗಿದ್ದು ಅದೇ ಮೊದಲು.

ನಮ್ಮ ಮನೆಯ ಕ್ರಾಸು ಬಂತು. ಅಮ್ಮ ತಿರುಗಿಸಲಿಲ್ಲ.

"ಅಮ್ಮ, ಮನೆ!" ಅಂದೆ.

"ಶ್... ಮಲ್ಗಿದಾರೆ" ಅಂದವಳು, ಗುನುಗುತ್ತಾ ಮುಂದಕ್ಕೆ ಓಡಿಸಿದಳು.