ವೈನಿ ಹೇಳಿದ್ದು, ನಾನು ಹೇಳಿದ್ದು

ಹೋದ ವಾರ ಪಾಲಬಾವಿಗೆ ಹೊರಟವಳು ಹಾರೂಗೇರಿಯಲ್ಲಿ ಬಸ್ಸಿಳಿದು, ಎದುರಿನ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಒಣದ್ರಾಕ್ಷಿ ಕೇಳಿದೆ. ಅಂಗಡಿಯವನು ಚೀಲದ ಬಾಯಿ ಬಿಚ್ಚಿದ್ದೇ ತಡ, ಸಿಹಿಯೊಳಗೆ ಬೆರೆತ, ಒಣಗಿಸುವಾಗ ಹಾಕುವ ಗಂಧಕದ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ನನಗೇ ಗೊತ್ತಿಲ್ಲದೆ ಒಂದು ಹಿಡಿ ಅಂಗೈಗೆ ಸುರಿದುಕೊಂಡು ಹಸಿರು ಕಾಳು ಬೇರೆ, ಕಂದು ಕಾಳು ಬೇರೆ ಮಾಡುತ್ತ ನಿಂತಿದ್ದೆ.

"ಎಲ್ಲಾ ಒಂದ ರುಚಿ ಐತ್ರಿ ಅಕ್ಕೋರ, ಏನ ಆರಸ್ತೀರಿ?" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಹೀಗೆ ಕಾಳು ಆರಿಸುತ್ತಿದ್ದ ಇನ್ನೊಂದು ಜೋಡಿ ಕೈ ಕಣ್ಣಮುಂದೆ ಬಂದಿತ್ತು...

ವೈನಿ ನಮ್ಮ ಪಕ್ಕದ ಮನೆಯವಳು. ನನ್ನ ಸ್ವಂತ ಅಣ್ಣನ ಹೆಂಡತಿಯೇನಲ್ಲ; ನಮ್ಮ ಕಡೆ ಓಣಿಯಲ್ಲಿ ತನಗಿಂತ ತುಸು ಹಿರಿಯ ಸೊಸೆಯಂದಿರನ್ನು ವೈನಿ ಎಂದೇ ಕರೆಯುತ್ತಾರೆ. ನಾನು ಆಗಿನ್ನೂ ನಿಪ್ಪಾಣಿಯಿಂದ ಸತ್ತಿ ಎಂಬ ಊರಿಗೆ ಮದುವೆಯಾಗಿ ಬಂದು, ಅಲ್ಲಿನ ಶಾಲೆಯಲ್ಲಿ ಟೀಚರಾಗಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರಾಗಿ, ಸೇರಿಕೊಂಡಿದ್ದೆ. ದ್ರಾಕ್ಷಿ ಒಣಗಿಸುವ ದಿನಗಳಲ್ಲಿ ಓಣಿಯ ಹೆಂಗಸರು ಕಾಳು ಆರಿಸಲು ಶೆಡ್ಡಿಗೆ ಹೋಗುತ್ತಿದ್ದರು. ಉಳಿದವರು ಮೂರು ಗುಂಪು ಮಾಡಿದರೆ ವೈನಿ ಏಳು ಮಾಡುತ್ತಿದ್ದಳು. ನಮಗೆ ಒಂದೇ ಹಸಿರು ಕಂಡಲ್ಲಿ ಅವಳಿಗೆ ಮೂರು ಹಸಿರು ಕಾಣುತ್ತಿದ್ದವು. ಆದರೆ ಕಾಳಿನ ಕಡ್ಡಿ-ಕಸ ತೂರುವ ಯಂತ್ರ ಶುರುವಾಯಿತೆಂದರೆ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು. ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕಿವಿಯ ಓಲೆ ನೋಡುತ್ತಿದ್ದಳು. ಹೆಂಗಸರು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನನ್ನ ಮೊದಲ ಯುಗಾದಿಗೆ ಬಟ್ಟಲು ತುಂಬ ಹೋಳಿಗೆ ಕೊಟ್ಟೆ. ಒಂದು ತುತ್ತು ತಿಂದು, "ಗಟ್ಟಿ ಆಗ್ಯಾವ್ರಿ ಅಕ್ಕೋರ. ಹೂರಣ ನೆಟ್ಟಗ ಅರದಿಲ್ಲ" ಎಂದು ಉಳಿದಷ್ಟನ್ನೂ ಬಟ್ಟಲು ಸಮೇತ ತಿರುಗಿ ಕೊಟ್ಟಳು. ಹೋಳಿಗೆ ಗಟ್ಟಿಯಾಗಿದ್ದದ್ದು ನಿಜ. ನಿಜವಾಗಿದ್ದರಿಂದಲೇ ನನಗೆ ಸಿಟ್ಟು ಬಂತು. ನಾನು ಸುಲಭಕ್ಕೆ ಮರೆಯುವ ಹೆಂಗಸಲ್ಲ, ಒಂದು ಬಟ್ಟಲು ಹೋಳಿಗೆಯ ಸಿಟ್ಟನ್ನು ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಮೇಲೆ ವೈನಿಯ ಗಂಡ ತೀರಿಕೊಂಡ. ಕಬ್ಬಿನ ಟ್ರ್ಯಾಕ್ಟರ್ ಮಗುಚಿತ್ತು. ನಮ್ಮಲ್ಲಿ ಸತ್ತ ಮನೆಗೆ ಹೋದ ಹೆಂಗಸರು ಹಾಗೆ ಸುಮ್ಮನೆ ಕೂರುವುದಿಲ್ಲ. ಒಬ್ಬರ ಕೊರಳಿಗೊಬ್ಬರು ಬಿದ್ದು, ಸತ್ತವನ ಗುಣ ಎತ್ತಿ ಹಾಡ್ಯಾಡಿ ಅಳುತ್ತಾರೆ. ಹೆಂಡತಿಯಾದವಳು ಎಲ್ಲರಿಗಿಂತ ಜೋರಾಗಿ ಅಳಬೇಕು. ವೈನಿಯ ಕೊರಳಿಗೆ ಒಬ್ಬಳು ಬಿದ್ದಳು. ವೈನಿ ಅವಳ ಕೈ ಬಿಡಿಸಿಕೊಂಡಳು. ಇನ್ನೊಬ್ಬಳು ಬಂದಳು. ವೈನಿ ಎದ್ದು ಅಂಗಳಕ್ಕೆ ಹೋದಳು. ಅಲ್ಲಿ ಬಂದವರ ಚಪ್ಪಲಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ನೆಲಕ್ಕೆ ಕೂತು ಒಂದೊಂದೇ ಎತ್ತಿ, ಜೊತೆ ಹುಡುಕಿ, ಸಾಲಾಗಿ ಹೊಂದಿಸತೊಡಗಿದಳು. ಒಳಗೆ ಹೆಣ. ಹೊರಗೆ ಅವಳು ನೂರಾರು ಚಪ್ಪಲಿಗಳ ನಡುವೆ... ಕಣ್ಣಲ್ಲಿ ಒಂದು ಹನಿ ಇಲ್ಲ.

"ನೋಡ್ರೆವ್ವಾ, ಗಂಡ ಸತ್ತಾನ, ಇಕಿ ಚಪ್ಲಿ ಹೊಂದಸಾಕತ್ತಾಳ!" ಎಂದು ಅವಳ ಅತ್ತೆ ಕಿರುಚಿದಳು. ಅವತ್ತಿನಿಂದ ಊರು ಅವಳನ್ನು ಕಲ್ಲೆದೆಯವಳು ಎಂದಿತು.

ಅತ್ತೆಯ ಕಣ್ಣು ಮೊಮ್ಮಗಳ ಮೇಲಿತ್ತು. ವೈನಿಗೆ ಐದು ವರ್ಷದ ಒಬ್ಬಳೇ ಮಗಳು, ನನ್ನ ಒಂದನೇ ಇಯತ್ತೆಯಲ್ಲಿ ಓದುತ್ತಿದ್ದಳು. ಕಲ್ಲೆದೆಯವಳ ಕೈಯಲ್ಲಿ ಕೂಸು ಬೆಳೆಯಬಾರದು, ಪಾಲಬಾವಿಯಲ್ಲಿರುವ ತನ್ನ ಮಗಳ ಮನೆಯಲ್ಲಿ ಇರಲಿ ಎಂದು ಅತ್ತೆ ಹಟ ಹಿಡಿದಳು. ವೈನಿಯ ಅಣ್ಣ ಬಂದು ಒಪ್ಪುವುದಿಲ್ಲ ಎಂದ. ಹಾಗಾದರೆ ತಲೆಯ ಡಾಕ್ಟರಿಗೆ ತೋರಿಸೋಣ, ಅವರು ಹೇಳಿದಂತಾಗಲಿ ಎಂದು ಹಿರಿಯರು ತೀರ್ಮಾನಿಸಿದರು. ಡಾಕ್ಟರು ಗಡಿಯಾಚೆಯ ಊರಿನವರು, ಮರಾಠಿ ಬಿಟ್ಟು ಬೇರೆ ಮಾತಿಲ್ಲ. ವೈನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಾನು ನಿಪ್ಪಾಣಿಯವಳು, ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಓಣಿಯವರು ಯಾರೇ ಆಚೆಯ ದವಾಖಾನೆಗೆ ಹೋಗಲಿ, ಮಾತು ದಾಟಿಸಲು ನನ್ನನ್ನೇ ಕರೆದೊಯ್ಯುತ್ತಿದ್ದರು. ಅದರ ಜಂಬವೂ ನನಗಿತ್ತು.

ಡಾಕ್ಟರು ಸಿಡುಕಿನವರಲ್ಲ. ಮೆತ್ತಗೆ ಕೇಳಿದರು: ಗಂಡ ಹೋದಾಗ ನಿಮಗೆ ಏನನ್ನಿಸಿತು? ನಾನು ಕನ್ನಡದಲ್ಲಿ ಕೇಳಿದೆ. ವೈನಿ ನನ್ನ ಓಲೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು.

"ಏನ ಅನಸ್ತು ಗೊತ್ತಾಗೂದಿಲ್ರಿ. ಹೊಟ್ಯಾಗ ಏನೋ ತಿರಗತಿತ್ತು. ಅದಕ್ಕೇನಂತಾರೋ."

ಮಗಳ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದರು. ಮತ್ತೆ ಅಷ್ಟೇ ಹೊತ್ತು. ಹೊರಗೆ ಸಾಲಿನಲ್ಲಿ ಕೂತವರು ಗೊಣಗುತ್ತಿದ್ದರು, ನನಗೆ ಬಸ್ಸಿನ ಚಿಂತೆ.

"ಕೂಸು ಸಾಲಿಯಿಂದ ಬರೂದು ತಡಾ ಆತಂದ್ರ ಎರಡೂ ಅಂಗೈ ತಣ್ಣಗಾಗ್ತಾವ್ರಿ. ಅಕಿ ಬಂದು ಎದುರ ನಿಂತಳಂದ್ರ ಬೆಚ್ಚಗಾಗ್ತಾವ. ಅದಕ್ಕ ಏನಂತಾರ ನನಗ ಗೊತ್ತಿಲ್ಲ."

ಇಷ್ಟನ್ನೂ ಮರಾಠಿಯಲ್ಲಿ ಹೇಳಲು ನನಗೆ ಅರೆಗಳಿಗೆ ಸಾಕಿತ್ತು. ಆದರೆ ಏನು ಕೇಳಿದರೆ ಏನು ಹೇಳುತ್ತಾಳೆ ಇವಳು ಎಂದು ರೇಗಿತು. ಹೋಳಿಗೆಯೂ ನೆನಪಾಯಿತು, ಚಪ್ಪಲಿಗಳೂ ನೆನಪಾದವು. ಡಾಕ್ಟರ ಕಡೆ ತಿರುಗಿ, "ಕಾಹೀ ವಾಟತ್ ನಾಹೀ" ಎಂದುಬಿಟ್ಟೆ. ಏನೂ ಅನ್ನಿಸುವುದಿಲ್ಲವಂತೆ.

ಅವರು ತಲೆಯಾಡಿಸಿ ಬರೆದುಕೊಂಡರು. ಮುಂದಿನ ಪ್ರಶ್ನೆಗಳಿಗೂ ನಾನು ಹೀಗೇ ಕತ್ತರಿಸಿ ಕತ್ತರಿಸಿ ಕೊಟ್ಟೆ. ಕೊನೆಗೆ ಬಂದ ಹಾಳೆಯಲ್ಲಿ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಸ್ವಭಾವದ ಕಾಯಿಲೆ, ಎಂದಿತ್ತು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯಿತ್ತು, ಇನ್ನೊಮ್ಮೆ ಕರೆತರಬೇಕು ಎಂದೂ ಇತ್ತು. ಯಾರೂ ಕರೆದೊಯ್ಯಲಿಲ್ಲ. ಊರಿಗೆ ಬಂದ ಮೇಲೆ ಹಿರಿಯರ ಮುಂದೆ ಆ ಹಾಳೆ ಓದಿ ಹೇಳಿದವಳೂ ನಾನೇ. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದಳು: "ನಾ ಹೇಳಲಿಲ್ಲೇನ್ರಿ, ಇಕಿ ಸ್ವಭಾವಾನ ಕೆಟ್ಟೈತಿ." ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಓದಲಿಲ್ಲ. ಅಣ್ಣ ತಲೆ ತಗ್ಗಿಸಿ ಹೊರಟುಹೋದ. ಮಾರನೇ ದಿನ ಕೂಸನ್ನು ಪಾಲಬಾವಿಗೆ ಕಳಿಸಿದರು.

ವೈನಿ ಆಗಲೂ ಅಳಲಿಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ ಓಣಿಯ ಮೂಲೆಯಲ್ಲಿ ಬಂದು ನಿಲ್ಲುವುದನ್ನು ನಿಲ್ಲಿಸಲಿಲ್ಲ. ಬೇರೆಯವರ ಮಕ್ಕಳೆಲ್ಲ ಹಾದುಹೋಗುವವರೆಗೆ ನಿಂತಿದ್ದು, ಎರಡೂ ಅಂಗೈ ಸೀರೆಗೆ ಉಜ್ಜಿಕೊಳ್ಳುತ್ತ ತಿರುಗಿ ಹೋಗುತ್ತಿದ್ದಳು. ನಾನು ದಿನಾ ನೋಡುತ್ತಿದ್ದೆ. ರವಿವಾರ ಬಂತೆಂದರೆ ತಾನೇ ಆರಿಸಿದ ಹಸಿರು ಕಾಳಿನ ಪೊಟ್ಟಣ ಹಿಡಿದು ಪಾಲಬಾವಿಗೆ ಹೋಗುತ್ತಿದ್ದಳು. ನಾದಿನಿ ಒಳಗೆ ಕರೆಯುತ್ತಿರಲಿಲ್ಲವಂತೆ. ಎದುರಿನ ಬೇವಿನ ಗಿಡದ ಕೆಳಗೆ ನಿಂತು, ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಬರುತ್ತಿದ್ದಳಂತೆ.

ಮೂರನೆಯ ವರ್ಷ ಒಂದು ಸಂಜೆ ಹಿತ್ತಲ ಗೋಡೆಯಾಚೆಯಿಂದ, "ಅಕ್ಕೋರ, ಏನೋ ಒಂದ ಆಗಾಕತ್ತೈತ್ರಿ" ಎಂದಳು. ಏನು, ಎಲ್ಲಿ ಎಂದು ಕೇಳಿದೆ. ಹೇಳಲು ಬರಲಿಲ್ಲ. ಉಂಡು ಮಲಗು ವೈನಿ ಎಂದೆ. ಕಾಮಾಲೆಯಾಗಿತ್ತು. ಕಣ್ಣು ಪೂರ್ತಿ ಹಳದಿಯಾದ ಮೇಲೆ ಜನಕ್ಕೆ ಗೊತ್ತಾಯಿತು. ಎಂಟು ದಿನಕ್ಕೆ ಹೋಗಿಬಿಟ್ಟಳು... ಅವಳ ಅಂಗಳದಲ್ಲಿ ಹಾಡ್ಯಾಡಿ ಅತ್ತವರಲ್ಲಿ ನಾನೂ ಒಬ್ಬಳು. ನನ್ನ ದನಿ ಚೆನ್ನಾಗಿದೆ ಎಂದು ನನ್ನನ್ನೇ ಮುಂದೆ ಕೂರಿಸಿದ್ದರು.

ಇಪ್ಪತ್ತೆರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ಎಂದು ಪೂರ್ತಿ ಗೊತ್ತೂ ಇರಲಿಲ್ಲ. ಹೋದ ತಿಂಗಳು ಚಿಕ್ಕೋಡಿಯಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಆಟಿಸಂ ಇರುವ ಮಕ್ಕಳ ಬಗ್ಗೆ ಹೇಳಲು ಬಂದಿದ್ದ ಹೆಣ್ಣುಮಗಳು, ಅಂಥವರಲ್ಲಿ ಹಲವರಿಗೆ ತಮ್ಮೊಳಗೆ ಏನಾಗುತ್ತಿದೆ ಎಂದು ಗುರುತಿಸಲು ಕಷ್ಟ, ದುಃಖ ಎನ್ನುವ ಬದಲು ಹೊಟ್ಟೆ ಎನ್ನುತ್ತಾರೆ, ಭಯ ಎನ್ನುವ ಬದಲು ಕೈ ತಣ್ಣಗಾಯಿತು ಎನ್ನುತ್ತಾರೆ ಎಂದಳು. ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.

ಊಟದ ಹೊತ್ತಿನಲ್ಲಿ ಅವಳನ್ನು ಹಿಡಿದು ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರನ್ನ ನೋಡದ ನಾ ಏನೂ ಹೇಳಾಕ ಬರೂದಿಲ್ರಿ ಮೇಡಂ," ಎಂದಳು. "ಆಟಿಸಂ ಇದ್ದಿರಬಹುದು. ಆ ಹಾಳ್ಯಾಗ ಬರದದ್ದೂ ಇದ್ದಿರಬಹುದು. ಎರಡೂ ಕೂಡಿ ಇರೂದೂ ಐತಿ. ಭಾವನೆ ಗುರುತ ಸಿಗದ ಇರೂದು ಎರಡರಾಗೂ ಕಾಣತೈತಿ, ಹೊರಗಿಂದ ನೋಡಿದವರಿಗೆ ಒಂದ ಥರಾ ಕಾಣತೈತಿ. ಅದಕ್ಕ ಸಣ್ಣವರ ಇದ್ದಾಗಿಂದ ಹೆಂಗಿದ್ರು ಅನ್ನೂದೆಲ್ಲಾ ಕೇಳಬೇಕು, ಅವರ ಮಾತಿನ್ಯಾಗ ಕೇಳಬೇಕು. ಆದ್ರ ಭಾವನೆ ಹೆಸರು ಗೊತ್ತಿಲ್ಲಂದ್ರ ಪ್ರೀತಿ-ಮಾಯಾನ ಇಲ್ಲ ಅಂತಲ್ರಿ. ಯಾವ ಕಾಯಿಲೆ ಹೆಸರು ಬರದ್ರೂ ತಾಯಿ ಮಾಯಾ ಇಲ್ಲ ಅಂತ ಅರ್ಥ ಆಗೂದಿಲ್ಲ."

ಅವರ ಮಾತಿನಲ್ಲೇ ಕೇಳಬೇಕು. ಆ ಒಂದು ಕೆಲಸಕ್ಕಾಗಿಯೇ ನನ್ನನ್ನು ಕರೆದೊಯ್ದಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ವರ್ಷಾವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ.

ಅದಕ್ಕೇ ಪಾಲಬಾವಿಗೆ ಹೋಗಿದ್ದು. ವೈನಿಯ ಮಗಳು ಅದೇ ಊರಿನಲ್ಲಿ ಮದುವೆಯಾಗಿ ಇದ್ದಾಳೆ. ಚಹಾ ಕೊಟ್ಟು, ಎದುರಿಗೆ ಕೂತು, ನನ್ನ ಓಲೆ ನೋಡುತ್ತ ಕೇಳಿಸಿಕೊಂಡಳು. ನಾನು ಹೋಳಿಗೆಯನ್ನೂ ಬಿಡಲಿಲ್ಲ, ಬಸ್ಸಿನ ಅವಸರವನ್ನೂ ಬಿಡಲಿಲ್ಲ. ತಪ್ಪಾಯಿತು ಎಂದೆ.

"ಅವ್ವ ಡಾಕ್ಟರಿಗೆ ಹೇಳಿದ್ದು ಇನ್ನೊಮ್ಮೆ ಹೇಳ್ರಿ. ಅಕಿ ಹೆಂಗ ಹೇಳಿದ್ಲೋ ಹಂಗ."

ಹೇಳಿದೆ. ಕೂಸು ತಡವಾದರೆ ತಣ್ಣಗಾಗುವ ಅಂಗೈ, ಎದುರು ಬಂದು ನಿಂತರೆ ಬೆಚ್ಚಗಾಗುವ ಅಂಗೈ... ಈ ಸಲ ಒಂದು ಮಾತನ್ನೂ ಕತ್ತರಿಸಲಿಲ್ಲ.

ಅವಳು ನಾನು ತಂದ ಪೊಟ್ಟಣ ಬಿಚ್ಚಿ ಹಸಿರು ಕಾಳುಗಳನ್ನು ಒಂದು ಕಡೆ ಸರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಅವ್ವಗ ನನ್ನ ಮ್ಯಾಲ ಮಾಯಾ ಇಲ್ಲಂತ ಹಾಳ್ಯಾಗ ಬರದೈತಿ ಅಂತ ಸೋದರತ್ತಿ ಹೇಳಿದ್ಲು. ರವಿವಾರ ಅಕಿ ಗಿಡದ ಕೆಳಗ ಬಂದ ನಿಂತಳಂದ್ರ ನಾ ಅಂಜಿ ಒಳಗ ಓಡಿ ಹೋಗ್ತಿದ್ನ್ರಿ. ಅಂಗೈ ಬೆಚ್ಚಗ ಮಾಡ್ಕೊಳಾಕ ಬರ್ತಾಳಂತ ಗೊತ್ತಿದ್ರ ಹೊರಗ ಬಂದು ನಿಂದರತಿದ್ನಿ."

ನಾನು ಎದ್ದು ಹೊರಗೆ ಬಂದೆ. ಸೋದರತ್ತೆಯ ಮನೆಯೆದುರಿನ ಆ ಬೇವಿನ ಗಿಡ ಇನ್ನೂ ಇದೆ, ಅದರ ಕೆಳಗೇ ಬಸ್ಸಿಗೆ ನಿಂತೆ. ಮೂರು ವರ್ಷದ ಅಷ್ಟೂ ರವಿವಾರ ವೈನಿ ಇಲ್ಲಿಂದ ತಣ್ಣನೆಯ ಕೈಯಲ್ಲೇ ಸತ್ತಿಗೆ ಮರಳಿದಳು.