ನಮ್ಮವರ ಫ್ಯಾನು ತರಲು ಪಾವಗಡಕ್ಕೆ

ಬೆಳಿಗ್ಗೆ ಏಳೂವರೆಗೆ ಕೊರಟಗೆರೆಯಲ್ಲಿ ಮಧುಗಿರಿ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ನನ್ನ ಜೊತೆಗಿದ್ದ ಗೋಣಿಗಂಟಿಗೆ ಆ ಭಾಗ್ಯವಿರಲಿಲ್ಲ. ಸೀಟಿನ ಕೆಳಗೆ ತಳ್ಳಲು ಹೋದರೆ ಅದು ಜಗ್ಗಲಿಲ್ಲ.

"ಏನಮ್ಮಾ ಇದು, ರಾಗಿ ಕಲ್ಲಾ?" ಎಂದ ಕಂಡಕ್ಟರ್.

"ಫ್ಯಾನು."

"ಇದನ್ನ ಹಾಕ್ಕಂಡು ಮಲಗಿದ್ರೆ ಮಂಚನೇ ಹಾರೋಯ್ತದೆ ಕಣಮ್ಮ" ಎನ್ನುತ್ತಾ ಲಗೇಜ್ ಟಿಕೆಟ್ ಹರಿದುಕೊಟ್ಟ.

ಮಲಗುವವರಿಗೆ ಬೀಸುವ ಫ್ಯಾನಲ್ಲ ಇದು. ಕಬ್ಬಿಣದ ಸಾಮಾನಿಗೆ ಪುಡಿ ಬಣ್ಣ ಸಿಂಪಡಿಸಿ, ಕೋಣೆಯಷ್ಟು ದೊಡ್ಡ ಓವನ್‌ನಲ್ಲಿಟ್ಟು ಬೇಯಿಸುತ್ತಾರೆ. ಒಳಗಿನ ಬಿಸಿಗಾಳಿಯನ್ನು ಮೂಲೆಮೂಲೆಗೂ ಸುತ್ತಿಸುವುದು ಈ ಫ್ಯಾನಿನ ಕೆಲಸ. ಗಾಳಿ ಸುತ್ತದಿದ್ದರೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ, ಗಂಡಸರು ತಿರುವಿದ ಮುದ್ದೆಯ ಹಾಗೆ.

ಇಪ್ಪತ್ತು ವರ್ಷ ನಮ್ಮವರೂ ನಾನೂ ನಮ್ಮ ಶೆಡ್ಡಿನಲ್ಲಿ ಇಂಥ ಫ್ಯಾನುಗಳನ್ನೇ ಮಾಡಿದೆವು. ಅವರು ರೆಕ್ಕೆ ಬೆಸೆಯುವುದು, ನಾನು ತಿರುಗಿಸಿ ತೂಕ ಸರಿಮಾಡುವುದು. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರು ಕೊನೆಗೆ ಮಾಡಿದ ಫ್ಯಾನು ಪಾವಗಡದಲ್ಲಿ ಬಣ್ಣ ಹಾಕುವ ಒಂದು ಶೆಡ್ಡಿನಲ್ಲಿದೆ. ಈಗ ಬೆಸುಗೆಗೆ ಒಬ್ಬ ಹುಡುಗನನ್ನಿಟ್ಟುಕೊಂಡು ನಾನೇ ಕೆಲಸ ನಡೆಸುತ್ತಿದ್ದೇನೆ. ಮೊನ್ನೆ ಅದರ ಮಾಲೀಕ ನರಸಿಂಹಪ್ಪ ಫೋನು ಮಾಡಿ, ಹಳೇದು ಕೆಟ್ಟಿದೆ, ಹೊಸದು ತಗೊಂಡು ಬನ್ನಿ ಎಂದರು. ಹಳೆಯದನ್ನು ನನಗೇ ಕೊಡಿ ಎಂದು ಕೇಳಿಕೊಂಡೆ. ನಮ್ಮವರ ಅಂಗಿ ಪಂಚೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟುಬಿಟ್ಟಿದ್ದೆ. ಅವರ ಕೈಯಲ್ಲಿ ಆದದ್ದು ಒಂದಾದರೂ ಮನೆಯಲ್ಲಿರಲಿ ಎಂದು ಆಸೆ ಹತ್ತಿತ್ತು.

ಮಧುಗಿರಿಯಲ್ಲಿ ಬೆಟ್ಟ ಆಗಲೇ ಬಿಸಿಲಿಗೆ ಕಾಯುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಎರಡು ತಟ್ಟೆ ಇಡ್ಲಿ ತಿಂದು ಪಾವಗಡದ ಬಸ್ಸು ಹಿಡಿದೆ. ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿ. ಮಿಡಿಗೇಶಿ ದಾಟಿದ ಮೇಲೆ ಹಿಂದಿನ ಸೀಟಿನ ಮಾತು ಅರ್ಧ ತೆಲುಗಾಯಿತು. ಇದೇ ದಾರಿಯಲ್ಲಿ ನಮ್ಮವರು ನನ್ನ ಭುಜಕ್ಕೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು, ನನಗೆ ನಾಚಿಕೆಯಾಗಿ ತಿವಿಯುತ್ತಿದ್ದೆ. ಯಾಕಾದರೂ ತಿವಿದೆನೋ ಅನ್ನಿಸಿತು.

ಪಾವಗಡದಲ್ಲಿ ಮಳೆ ಇನ್ನೂ ಬಿದ್ದಿರಲಿಲ್ಲ. ಆಟೋ ಹಿಡಿದು ಸೋಲಾರ್ ಪಾರ್ಕಿನ ರಸ್ತೆಯಲ್ಲಿರುವ ಶೆಡ್ಡಿಗೆ ಹೋದೆ. ನರಸಿಂಹಪ್ಪ ಓವನ್‌ನಿಂದ ತೆಗೆದ ಒಂದು ಗೇಟನ್ನು ತೋರಿಸಿದರು. ತಿನ್ನರ್ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣವೆಲ್ಲ ಬಟ್ಟೆಗೆ ಬಂತು, ಸರಿಯಾಗಿ ಬೆಂದೇ ಇರಲಿಲ್ಲ.

"ಏಂ ಚೇಯಾಲಕ್ಕಾ, ಏನ್ ಮಾಡ್ಲಿ? ಫ್ಯಾನ್ ತಿರುಗ್ತೈತೆ, ಗಾಳಿನೇ ಸಾಲ್ತಿಲ್ಲ. ನಿಮ್ಮ ಯಜಮಾನ್ರ ಕೆಲಸ ಇಂಗಾಯ್ತದೆ ಅನ್ಕಂಡಿರ್ಲಿಲ್ಲ."

ಆ ಮಾತು ಚುಚ್ಚಿತು. ಏಣಿ ಹತ್ತಿ ಓವನ್ನಿನ ಮೇಲೆ ಕೂತ ಮೋಟಾರನ್ನು ನೋಡಿದೆ. ಅದು ಉಲ್ಟಾ ತಿರುಗುತ್ತಿತ್ತು. ಇಂಥ ಫ್ಯಾನು ಉಲ್ಟಾ ತಿರುಗಿದರೂ ಒಂದಿಷ್ಟು ಗಾಳಿ ತಳ್ಳುತ್ತದೆ, ಅದಕ್ಕೇ ಯಾರಿಗೂ ಸುಳಿವು ಹತ್ತುವುದಿಲ್ಲ.

"ಮೋಟಾರ್ ಬಿಚ್ಚಿದ್ರಾ?"

"ಸುಟ್ಟೋಗಿತ್ತು, ವೈಂಡಿಂಗ್ ಮಾಡ್ಸಿ ಕೂರ್ಸಿದ್ವಿ."

"ಬಾಣದ ಗುರುತು ನೋಡ್ಲಿಲ್ವಾ?"

"ಯಾವ ಬಾಣ ಅಕ್ಕಾ?"

ಫ್ಯಾನು ಯಾವ ಕಡೆ ತಿರುಗಬೇಕೆಂದು ನಮ್ಮವರು ಬರೆದಿದ್ದ ಬಾಣ ಕಾಣಲಿಲ್ಲ. ಆಯುಧಪೂಜೆಗೆ ಊರವರೆಲ್ಲ ಯಂತ್ರ ತೊಳೆದು ಕುಂಕುಮ ಇಟ್ಟರೆ, ಇವರು ಬಣ್ಣದವರು, ಬಿಟ್ಟಾರೆಯೇ? ಓವನ್ನಿಗೆ ನೆತ್ತಿಯಿಂದ ಪಾದದವರೆಗೆ ಹಸಿರು ಬಳಿದಿದ್ದರು. ಬಾಣ ಅದರಡಿಗೆ ಹೋಗಿತ್ತು.

ಮೋಟಾರಿನ ಎರಡು ವೈರು ಅದಲುಬದಲು ಮಾಡಿದರೆ ಎಲ್ಲ ಸರಿ. ಇದು ನನಗೊಬ್ಬಳಿಗೇ ಗೊತ್ತಿತ್ತು. ಸುಮ್ಮನೆ ಹೊಸ ಫ್ಯಾನು ಕೂರಿಸಿ, ವೈರನ್ನೂ ಬದಲಿಸಿಬಿಟ್ಟರೆ ನಮ್ಮವರ ಫ್ಯಾನು ನನ್ನ ಜೊತೆ ಮನೆಗೆ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಮೋಟಾರು ನಿಲ್ಲಿಸಿ ಎಂದು ಹೇಳಿ ಏಣಿಯ ಮೇಲೆ ಬಹಳ ಹೊತ್ತು ಹಾಗೇ ನಿಂತಿದ್ದೆ.

ಆಮೇಲೆ ಸ್ಕ್ರೂಡ್ರೈವರಿನಲ್ಲಿ ಹಸಿರನ್ನು ಕೆರೆದೆ. ಕೆಂಪು ಕಂಡಿತು. ಬ್ರಷ್ ತೊಳೆಯುವ ಸೋಮಾರಿತನಕ್ಕೆ ನಮ್ಮವರು ಬಾಣವನ್ನು ಬೆರಳಿನಲ್ಲೇ ಬರೆಯುತ್ತಿದ್ದರು. ಆ ಕೈಯಲ್ಲೇ ಅನ್ನಕ್ಕೆ ಕೂತರೆ ನಾನು ಬೈಯುತ್ತಿದ್ದೆ. ಬಾಣದ ಬಾಲದಲ್ಲಿ ಅವರ ಬೆರಳಿನ ಗೆರೆಗಳು ಹಾಗೇ ಇದ್ದವು. ಅದರ ಮೇಲೆ ನನ್ನ ಬೆರಳಿಟ್ಟೆ. ಓವನ್ನಿನ ತಗಡು ಇನ್ನೂ ಬಿಸಿಯಾಗಿತ್ತು. ಕೆಟ್ಟ ಫ್ಯಾನು ಮಾಡಿಕೊಟ್ಟರು ಎಂಬ ಮಾತನ್ನು ಅವರ ಮೇಲೆ ಹೊರಿಸಿ, ಅವರದೇ ಫ್ಯಾನನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ?

"ಫ್ಯಾನ್ ಕೆಟ್ಟಿಲ್ಲ ನರಸಿಂಹಪ್ಪ. ವೈರ್ ಉಲ್ಟಾ ಕೊಟ್ಟಿದ್ದೀರಿ" ಎಂದೆ.

ವೈರು ಬದಲಿಸಿ ಇನ್ನೊಂದು ಗೇಟು ಬೇಯಿಸಿದರು. ಅದು ಆರುವಷ್ಟರಲ್ಲಿ ನರಸಿಂಹಪ್ಪನ ಮನೆಯಿಂದ ಮುದ್ದೆ, ಹುರುಳಿ ಸಾರು ಬಂತು. ಉಂಡು ಎದ್ದು ಉಜ್ಜಿದರೆ ಬಟ್ಟೆ ಬೆಳ್ಳಗೇ ಉಳಿಯಿತು. ನರಸಿಂಹಪ್ಪ ಮೋಟಾರಿನ ಕಡೆ ಕೈ ಮುಗಿದು, "ತಪ್ಪಾಯ್ತಕ್ಕ, ಸುಮ್‌ಸುಮ್ನೆ ಅವರನ್ನ ಅಂದ್‌ಬುಟ್ಟೆ" ಎಂದರು. ನಾನು ತಂದ ಹೊಸ ಫ್ಯಾನು ಸ್ಪೇರಿಗೆ ಇರಲಿ ಎಂದು ಅಲ್ಲೇ ಇಳಿಸಿಕೊಂಡರು.

ಬಸ್ ಸ್ಟ್ಯಾಂಡಿಗೆ ತಾವೇ ಬೈಕಿನಲ್ಲಿ ಬಿಟ್ಟರು. ನಾಲ್ಕು ಗಂಟೆಯ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಿಂದ ಹೇಳಿದೆ: "ಈ ಸಲ ಆಯುಧಪೂಜೆಗೆ ಆ ಬಾಣದ ಮೇಲೆ ಬಣ್ಣ ಬಳೀಬೇಡಿ."

"ಬಳಿಯಲ್ಲ ಬುಡಕ್ಕ. ನೀನೇ ಬಂದು ಅದಕ್ಕೆ ಕುಂಕುಮ ಇಡು."

ನಮ್ಮವರು ತೀರಿಹೋದ ಮೇಲೆ ಯಾರೂ ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟಿರಲಿಲ್ಲ. ನರಸಿಂಹಪ್ಪ ಅದನ್ನು ಯೋಚಿಸಿ ಹೇಳಿದರೋ ಇಲ್ಲವೋ, ನಾನು ಬರ್ತೀನಿ ಎಂದು ತಲೆಯಾಡಿಸಿದೆ. ಬಸ್ಸು ಊರು ಬಿಡುವವರೆಗೂ ಶೆಡ್ಡಿನ ದಿಕ್ಕಿಗೇ ತಿರುಗಿ ನೋಡುತ್ತಿದ್ದೆ. ಆಯುಧಪೂಜೆಗೆ ಇನ್ನೂ ನಾಲ್ಕು ತಿಂಗಳಿತ್ತು.