ನೀರೆರೆಯುವ ಮಲ್ಲಾಬಾಯಿ ಕೈಕಟ್ಟಿ ಕೂತ ಮನೆ

ಶಹಾಪುರದ ಹಳೆಯ ಪೇಟೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲ ಒಲೆಯಲ್ಲಿ ತೊಗರಿ ಕಟ್ಟಿಗೆ ಚಟಪಟ ಉರಿಯುತ್ತಿದೆ, ಹಂಡೆಯ ನೀರು ಹದಕ್ಕೆ ಬಂದಿದೆ. ಕೂಸಿಗೆ ಎರೆಯಲೆಂದು ಗೊತ್ತು ಮಾಡಿಕೊಂಡಿರುವ ಮಲ್ಲಾಬಾಯಿ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕೈಕಟ್ಟಿ ಕೂತಿದ್ದಾರೆ. ಎರಡು ಮಣೆ ಒಂದರ ಮೇಲೊಂದು ಇಟ್ಟು ಅದರ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಹೆಣಗುತ್ತಿರುವವರು ಮನೆಯೊಡತಿ ಬಸವೇಶ್ವರಿ. ಕೂಸಿನ ತಾಯಿ. ವಯಸ್ಸು ನಲವತ್ತೊಂಬತ್ತು.

"ಕಾಲು ಇನ್ನಾ ಜರಾ ಚಾಚ್ರಿ ಅಕ್ಕಾರ. ಮೊಣಕಾಲು ಮುರಿಯಂಗಿಲ್ಲ. ನಾ ಎಣ್ಣಿ ತಿಕ್ಕಿದ ಕಾಲು ಅವು."

"ಕೂಸು ಜಾರಿದ್ರ, ಮಲ್ಲಾಬಾಯಿ?"

"ಜಾರಿದ್ರ ನನ್ನ ಕೈ ಅದ. ನೀವು ಎರೀರಿ."

ಬಸವೇಶ್ವರಿ ತಂಬಿಗೆ ಎತ್ತುತ್ತಾರೆ. ಮೊದಲ ನೀರು ಬೆನ್ನಿಗೆ ಬಿದ್ದದ್ದೇ ಕೂಸು ಮನೆಯ ಮಾಳಿಗೆ ಹಾರಿಹೋಗುವಂತೆ ಚೀರುತ್ತದೆ. ಮಲ್ಲಾಬಾಯಿಯ ಕೈ ತಾನಾಗಿಯೇ ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಕಂಕುಳಲ್ಲಿ ಕೂರುತ್ತದೆ. ಜೀವಮಾನವೆಲ್ಲ ಎರೆದ ಕೈಗೆ ಸುಮ್ಮನಿರುವುದೇ ಕಷ್ಟದ ಕೆಲಸ.

ಮಲ್ಲಾಬಾಯಿಗೆ ಅರವತ್ತು ದಾಟಿದೆ. ಹುಟ್ಟಿದ್ದು ದೋರನಹಳ್ಳಿಯಲ್ಲಿ, ಕೊಟ್ಟಿದ್ದು ಶಹಾಪುರಕ್ಕೆ. ಗಂಡ ಕಾಳಿನ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ಬೆನ್ನು ಮುರಿದುಕೊಂಡು ಮನೆ ಹಿಡಿದ ಮೇಲೆ ಅತ್ತೆಯ ಹಿಂದೆ ಹಿಂದೆ ಹೋಗಿ ಕಲಿತ ಕಸುಬು ಇದು. ಬೆಳಗಾಗುವ ಮುಂಚೆ ಒಂದು ಮನೆ, ಬಿಸಿಲೇರುವುದರೊಳಗೆ ಮತ್ತೆರಡು. ಬಾಣಂತಿಯ ನಡುವಿಗೆ ಎಣ್ಣೆ ತಿಕ್ಕಬೇಕು, ಕೂಸಿಗೆ ಎರೆಯಬೇಕು, ಲೋಬಾನದ ಹೊಗೆ ಹಿಡಿಯಬೇಕು, ಕುಂಚಿಗೆ ಕಟ್ಟಿ ತಾಯಿಯ ಕೈಗೆ ಕೊಡಬೇಕು. ಈ ಪೇಟೆಯಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಒಂದು ಕಾಲಕ್ಕೆ ಇವರ ಕಾಲ ಮೇಲೆ ಬೋರಲು ಬಿದ್ದು ಬಾಯಿ ಬಡಿದುಕೊಂಡವರೇ. ಎದುರು ಸಿಕ್ಕರೆ ಮಲ್ಲಾಬಾಯಿ ನಕ್ಕು ಮುಂದೆ ಹೋಗುತ್ತಾರೆ. ಅವರಿಗೆ ಅದು ನೆನಪಿಲ್ಲ, ಇವರಿಗೆ ನೆನಪಿದೆ.

ಬಿಸಿನೀರಿಗೆ ಅಂಗೈ ಸೀಳು ಬಿಟ್ಟಿದೆ. ಚಳಿಗಾಲದಲ್ಲಿ ರಕ್ತ ಒಸರುತ್ತದೆ. ಹಳೆಯ ಪದ್ಧತಿಗೇ ಜೋತುಬಿದ್ದ ಹಟಮಾರಿಯೆಂದು ಯಾರಾದರೂ ಅಂದುಕೊಂಡರೆ ತಪ್ಪು. "ಕಿವ್ಯಾಗ ಎಣ್ಣಿ ಬಿಡೂದು ಬಿಟ್ಟೀನ್ರಿ. ನರ್ಸಬಾಯಿ ಬೈದ್ಲು. ಬೈದದ್ದು ಖರೇ ಅನಸ್ತು, ಬಿಟ್ಟೆ," ಎನ್ನುತ್ತಾರೆ.

ಇತ್ತೀಚೆಗೆ ಅವರ ಕೈಗೆ ಹೊಸ ಬಗೆಯ ಬಾಣಂತಿಯರು ಬರುತ್ತಿದ್ದಾರೆ. ಸುರಪುರದ ಕಡೆ ಒಬ್ಬರು, ಕೆಂಭಾವಿಯಲ್ಲಿ ಒಬ್ಬರು, ಇಲ್ಲೇ ಪೇಟೆಯಲ್ಲಿ ಒಬ್ಬಿಬ್ಬರು. ದೊಡ್ಡ ಊರಿನ ಆಸ್ಪತ್ರೆಗಳಿಗೆ ವರ್ಷಗಟ್ಟಲೆ ಅಲೆದು, ತಲೆ ನೆರೆತ ಮೇಲೆ ಹಡೆದವರು. ಚೊಚ್ಚಲ ಬಾಣಂತನ ತವರಿನದು ಎಂಬುದು ಈ ಕಡೆಯ ರೂಢಿ. ಆದರೆ ನಲವತ್ತೈದು ದಾಟಿ ಹಡೆದವಳಿಗೆ ತವರಿನಲ್ಲಿ ಯಾರಿರುತ್ತಾರೆ? ಅವ್ವ ತೀರಿಕೊಂಡಿರುತ್ತಾಳೆ, ಇದ್ದರೆ ಅವಳಿಗೇ ಯಾರಾದರೂ ಎರೆಯಬೇಕು. ಆಗ ಮಲ್ಲಾಬಾಯಿಗೆ ಹೇಳಿಕಳಿಸುತ್ತಾರೆ. ಹೀಗೆ ಆಸ್ಪತ್ರೆಯ ನೆರವಿನಿಂದ ಬಸಿರಾಗಲು ಕಾನೂನು ಐವತ್ತರವರೆಗೆ ಬಾಗಿಲು ತೆರೆದಿಟ್ಟಿದೆ. ಬೀದಿ ಅಷ್ಟು ದಿನ ತೆರೆದಿಡುವುದಿಲ್ಲ. ಹೀಗಾಗಿ ಈ ಬಾಣಂತಿಯರು ಸಂಭ್ರಮಕ್ಕಿಂತ ಹೆಚ್ಚಾಗಿ ನಾಚಿಕೆಯನ್ನೇ ಹೊದ್ದು ಮಲಗಿರುತ್ತಾರೆ. ಅವರಿಗೆ ಎಣ್ಣೆ ತಿಕ್ಕುತ್ತ ತಿಕ್ಕುತ್ತ ನಾಲ್ಕು ಮಾತಾಡಿ ನಗಿಸುವುದು ಮಲ್ಲಾಬಾಯಿಯ ಕೂಲಿಯಲ್ಲಿ ಸೇರಿಲ್ಲದ ಕೆಲಸ. ಅದನ್ನೂ ಮಾಡುತ್ತಾರೆ. ಎಡವಿದ್ದು ಅಲ್ಲೇ.

ಬಸವೇಶ್ವರಿ ಮತ್ತು ವಿಶ್ವರಾಧ್ಯ ದಂಪತಿಗೆ ಒಬ್ಬನೇ ಮಗನಿದ್ದ, ಬಸವಲಿಂಗ. ಕೆಂಭಾವಿಯ ಸುನಿತಾಳನ್ನು ಮದುವೆಯಾಗಿ ವರ್ಷ ತುಂಬುವ ಮೊದಲೇ ಕಾಮಾಲೆ ತಲೆಗೇರಿ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಸುನಿತಾಳ ಅಣ್ಣಂದಿರು ಬಂದು, ತಂಗಿಯನ್ನು ಕರೆದೊಯ್ಯುತ್ತೇವೆ, ಓದಿಸುತ್ತೇವೆ, ಮುಂದಿನದು ಅವಳಿಷ್ಟ ಎಂದರು. ಬಸವೇಶ್ವರಿ ಹಾಸಿಗೆ ಹಿಡಿದರು, ಅವರು ಏಳುವವರೆಗೆಂದು ಸುನಿತಾ ಉಳಿದಳು. ಮಗ ಹೋದ, ಮಗನ ಮಾತಾಡುವವಳೂ ಹೋದರೆ ಮನೆಯಲ್ಲಿ ಉಳಿಯುವುದೇನು ಎಂಬುದು ಅವರ ಸಂಕಟ. ಆ ದಿನಗಳಲ್ಲಿ ಅವರ ಮೊಣಕಾಲಿಗೆ ಎಣ್ಣೆ ತಿಕ್ಕಲು ಮಲ್ಲಾಬಾಯಿ ಹೋಗುತ್ತಿದ್ದರು. ಒಂದು ದಿನ, ಅಳು ನಿಲ್ಲಿಸಲೆಂದು, ಎಣ್ಣೆಗೈಯಲ್ಲೇ ಒಂದು ಮಾತು ಆಡಿಬಿಟ್ಟರು.

"ಮನ್ಯಾಗೊಂದು ತೊಟ್ಟಿಲಾ ತೂಗಿದ್ರ ಸೊಸಿ ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ ಅಕ್ಕಾರ. ಸುರಪುರದಾಗ ನಿಮ್ಮ ವಾರಗಿಯಾಕಿ ಹಡದಾಳ. ನಾನೇ ಎರದು ಬಂದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಒಯ್ಯುವುದು ಎರೆಯುವವರ ಹಳೆಯ ಚಟ. ಬೇರೆ ದಿನವಾಗಿದ್ದರೆ ಆ ಮಾತು ಎಣ್ಣೆಯ ಜೊತೆ ತೊಳೆದು ಹೋಗುತ್ತಿತ್ತು. ಅವತ್ತು ಬಸವೇಶ್ವರಿ ಎದ್ದು ಕೂತರು.

ಕಲಬುರಗಿಯ ಆಸ್ಪತ್ರೆಗೆ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವಳು ಸುನಿತಾಳೇ. ಡಾಕ್ಟರು ಒಳ್ಳೆಯವರು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಈ ವಯಸ್ಸಿಗೆ ಬಸಿರು ನಿಂತರೆ ರಕ್ತದೊತ್ತಡ, ಸಕ್ಕರೆ ಎರಡೂ ಏರಬಹುದು, ಅಂಡಾಣು ಬೇರೆ ಹೆಣ್ಣುಮಗಳದ್ದೇ ಆಗಬೇಕಾಗುತ್ತದೆ ಎಂದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು: ನಾಳೆ ನಿಮಗೆ ಕೈಲಾಗದಿದ್ದರೆ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? "ನಮ್ಮ ಸೊಸಿ ಅದಾಳಲ್ರಿ," ಎಂದರು ಬಸವೇಶ್ವರಿ. ಸೊಸೆ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಆ ವರ್ಷ ಯಾದಗಿರಿಯಲ್ಲಿ ಸಿಕ್ಕಿದ್ದ ಬಿ.ಇಡಿ. ಸೀಟನ್ನು ಸುನಿತಾ ಸದ್ದಿಲ್ಲದೆ ಬಿಟ್ಟುಬಿಟ್ಟಳು.

ಹುಟ್ಟಿದ್ದು ಹೆಣ್ಣುಕೂಸು, ತಿಂಗಳು ತುಂಬುವ ಮೊದಲೇ ಹೊಟ್ಟೆ ಕುಯ್ದು ತೆಗೆದದ್ದು. ಶಿವಲೀಲಾ ಎಂದು ಹೆಸರಿಟ್ಟರು. ಲಸಿಕೆ ಹಾಕಿಸಲು ಹೋದಾಗ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಪ್ರೀತಿಯಿಂದಲೇ, "ಮೊಮ್ಮಗಳೇನ್ ಆಯಿ?" ಎಂದು ಕೇಳಿದಳು. ಅವತ್ತಿನಿಂದ ಬಸವೇಶ್ವರಿ ನಾಲ್ಕು ಜನರೆದುರು ಕೂಸನ್ನು ಎತ್ತಿಕೊಳ್ಳಲಿಲ್ಲ. ಮನೆಯೊಳಗೂ ಅದನ್ನು ಕಡ ತಂದ ವಸ್ತುವಿನ ಹಾಗೆ ದೂರದಿಂದ ನೋಡುತ್ತಿದ್ದರು. ಎತ್ತುವವಳು, ಹಾಲು ಕುಡಿಸುವವಳು, ರಾತ್ರಿ ಏಳುವವಳು, ಎಲ್ಲ ಸುನಿತಾ.

ಒಂದು ಬೆಳಗ್ಗೆ ಮಲ್ಲಾಬಾಯಿ ಎರೆದು ಮುಗಿಸಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಯಾವಾಗಿನಂತೆ ಕೂಗಿದರು: "ತಾಯೀ, ತಗೋ ನಿನ್ನ ಕೂಸು." ಬಸವೇಶ್ವರಿ ಬಾಗಿಲಲ್ಲೇ ಕೂತಿದ್ದರು. ಕೈಚಾಚಿ ಬಂದವಳು ಸುನಿತಾ. ಮಲ್ಲಾಬಾಯಿ ನಕ್ಕರು. "ನಿನಗೇ ರೂಢಿ ಆಗ್ಯಾದ ನೋಡು," ಎಂದರು.

ಸುನಿತಾ ಕೂಸಿನ ಪಾದ ಒರೆಸುತ್ತ, ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದಳು: "ರೂಢಿ ಆಗಲೇಬೇಕಲ್ಲ ಆಯಿ. ತೊಟ್ಟಿಲಾ ತೂಗಿದ್ರ ಸೊಸಿ ಎಲ್ಲಿಗೂ ಹೋಗಂಗಿಲ್ಲ ಅಂತ ಅವತ್ತ ನೀನೇ ಅಂದಿದ್ದಿ. ನಾ ಅಡಗಿಮನ್ಯಾಗ ಇದ್ದೆ. ನೀ ಅಂದಂಗೇ ಆತು."

ಅವತ್ತು ಮಲ್ಲಾಬಾಯಿ ಉಳಿದ ಎರಡು ಮನೆಗೆ ಹೋಗಲಿಲ್ಲ. ಯಾರದೋ ಕಟ್ಟೆಯ ಮೇಲೆ ಸೆರಗು ಮುಖಕ್ಕೆ ಹಾಕಿಕೊಂಡು ಕೂತಿದ್ದರು. ಈಗ ಆ ಮಾತು ಹೇಳುವಾಗಲೂ ಎದುರಿಗಿದ್ದವರ ಮುಖ ನೋಡುವುದಿಲ್ಲ, ನೆಲ ಗೀರುತ್ತಾರೆ.

"ನೆಲ ಬಾಯಿ ಬಿಟ್ರ ಒಳಗ ಹೋಗಬೇಕು ಅನಸ್ತ್ರಿ. ಇಷ್ಟು ಕೂಸುಗಳಿಗೆ ಎರದೀನಿ, ಒಂದನ್ನೂ ಕೈಜಾರಿ ಬಿಟ್ಟಾಕಿ ಅಲ್ಲ. ಈ ಹುಡುಗಿನ್ನ ಬಿಟ್ಟೆ."

ಮರುದಿನ ಬಸವೇಶ್ವರಿಯ ಎದುರು ಕೂತು ನೇರವಾಗಿ ಹೇಳಿದರು: "ಅವತ್ತ ನಾ ಅಂದದ್ದು ತಪ್ಪಾತ್ರಿ ಅಕ್ಕಾರ. ಕೂಸು ತಪ್ಪಲ್ಲ. ಇನ್ನೊಬ್ಬಾಕಿನ್ನ ಕಟ್ಟಿಹಾಕಾಕ ಕೂಸು ತಂದ್ವಿ ನೋಡ್ರಿ, ಅದು ತಪ್ಪು." ಬಸವೇಶ್ವರಿಯ ಮುಖ ಕೆಂಪಾಯಿತು. "ನೀ ಎರಿಯಾಕ ಬಂದಾಕಿ. ಎರದು ಹೋಗು," ಎಂದು ಎದ್ದು ಹೋದರು. ಅದರ ಮರುದಿನ ಮಲ್ಲಾಬಾಯಿ ಯಾವಾಗಿನ ಹೊತ್ತಿಗೇ ಬಂದರು, ನೀರು ಕಾಯಿಸಿದರು, ಕೂಸಿಗೆ ಎಣ್ಣೆ ಹಚ್ಚಿದರು, ಆಮೇಲೆ ಕೈಕಟ್ಟಿ ಕೂತುಬಿಟ್ಟರು.

ಕೂಸು ಅಳುತ್ತಿದೆ, ನೀರು ಆರುತ್ತಿದೆ. ಬಸವೇಶ್ವರಿ ಸುನಿತಾಳನ್ನು ಕೂಗಿದರು. "ಆಕಿನ್ನ ಕರೀಬ್ಯಾಡ್ರಿ," ಎಂದರು ಮಲ್ಲಾಬಾಯಿ. "ಹಡದಾಕಿ ನೀವು." ಬಸವೇಶ್ವರಿ ಬೈದರು, ನಾಳೆಯಿಂದ ಬರಬೇಡ ಎಂದರು, ಮೊಣಕಾಲು ಮಡಚುವುದಿಲ್ಲ ಎಂದು ಅತ್ತರು. ಮಲ್ಲಾಬಾಯಿ ಮಣೆಯ ಮೇಲೆ ಮಣೆ ಇಟ್ಟರು. ಬಸವೇಶ್ವರಿ ಸಿಟ್ಟಿನಲ್ಲೇ ಕೂತರು, ಸಿಟ್ಟಿನಲ್ಲೇ ತಂಬಿಗೆ ಎತ್ತಿದರು. ಎರಡನೆಯ ತಂಬಿಗೆಗೆ ಸಿಟ್ಟು ಮರೆತುಹೋಗಿ, ಭಯ ಮಾತ್ರ ಉಳಿದಿತ್ತು.

ಈಗ ಅವರ ಕೈ ಪಳಗುತ್ತಿದೆ. ಎರೆದು ಮುಗಿಸಿ, ಕೂಸನ್ನು ಎದೆಗೆ ಹಾಕಿಕೊಂಡು, ಸೆರಗಿನಿಂದ ಅದರ ತಲೆ ಒರೆಸುತ್ತ, ಬರೆದುಕೊಳ್ಳಲು ಬಂದ ನಮ್ಮೊಡನೆ ಬಸವೇಶ್ವರಿ ಮಾತಾಡುತ್ತಾರೆ. "ಹೆಸರು ಬರೀರಿ, ಅಡ್ಡಿಯಿಲ್ಲ. ಮುಚ್ಚಿಟ್ಟದ್ದು ಸಾಕಾಗ್ಯಾದ. ನನಗ ನನ್ನ ಹೊಟ್ಟಿ ಕಂಡ್ರ ನಾಚಿಕಿ ಆಗ್ತಿತ್ತು. ಮಂದಿ ಏನಂದಾರು ಅಂತ ನಾಚಿಕಿ. ಈಗ ನಾಚಿಕಿ ಬ್ಯಾರೇನೇ ಅದ. ಇದು ಹತ್ತನೇತ್ತಿ ಮುಗಸೂದ್ರಾಗ ನಾ ಅರವತ್ತೈದರ ಮುದುಕಿ. ಆ ಲೆಕ್ಕಾ ನನಗೂ ಬರ್ತಿತ್ತು. ಬರ್ತಿದ್ರೂ, ಸುನಿತಾನ ವಯಸ್ಸು ಕಸಗೊಂಡು ನನ್ನ ವಯಸ್ಸಿಗೆ ತ್ಯಾಪಿ ಹಚ್ಚಿದೆ. ಮಗಳಂತ ನಾನೇ ಅಂದಾಕಿನ್ನ ಹಿಂಗ ಮಾಡಿದೆ."

ವಿಶ್ವರಾಧ್ಯರಿಗೆ ಕಾಳಿನ ಅಡತಿ ಅಂಗಡಿ. ಮಾತು ಕಡಿಮೆ. "ಮಗ ಹೋದ ಮ್ಯಾಲ ಮನ್ಯಾಗ ದನೀನೇ ಇರಲಿಲ್ರಿ. ದನಿ ಬೇಕಾಗಿತ್ತು. ಯಾರ ಕುತ್ತಿಗಿ ಹಿಚುಕಿ ಬಂತು ಅಂತ ನೋಡಲಿಲ್ಲ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟುತ್ತಾರೆ. ಈಗ ಸಂಜೆ ಕೂಸನ್ನು ಅಂಗಡಿಗೆ ಒಯ್ದು ತೊಗರಿ ಚೀಲಗಳ ನಡುವೆ ತೊಡೆಯ ಮೇಲೆ ಆಡಿಸುತ್ತಾರೆ.

ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ನೀರಿಗೆ ಹೋಗುವ ಗಂಗಿ ಪೂಜೆಯನ್ನು ಈ ಮನೆಯಲ್ಲಿ ಏನೋ ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದರು. ಹೋದ ತಿಂಗಳು ಮಾಡಿದರು. ನೆರೆಮನೆಯ ಕಲ್ಯಾಣಮ್ಮ, "ಕೂಸಿನ್ನ ಸುನಿತಾನ ಕೈಯಾಗ ಕೊಡ್ರಿ, ನಿಮ್ಮ ಮೊಣಕಾಲಿಗೆ ಆಗಂಗಿಲ್ಲ," ಎಂದರು. ಬಸವೇಶ್ವರಿ ಕೊಡಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಅಂಗಡಿ ಸಾಲಿನ ಮುಂದೆಯೇ ಕುಂಟುತ್ತ ನಳದವರೆಗೆ ನಡೆದರು. ನಳದ ಹತ್ತಿರ ಗುರುತಿಲ್ಲದ ಹೆಂಗಸೊಬ್ಬಳು ಮೊಮ್ಮಗಳೇನ್ರಿ ಎಂದು ಕೇಳಿಯೇ ಕೇಳಿದಳು. "ಅಲ್ಲವಾ, ಮಗಳು," ಎಂದರು. ಮುಖದಲ್ಲಿ ಬೆವರಿಳಿಯುತ್ತಿತ್ತು. ನಾಚಿಕೆ ಅಷ್ಟು ಸಲೀಸಾಗಿ ಬಿಟ್ಟು ಹೋಗುವಂಥದ್ದಲ್ಲ. ಆದರೂ ಅವತ್ತು ಸಂಜೆ ಸೊಸೆಯನ್ನು ಹತ್ತಿರ ಕರೆದು, ಈ ಸಲ ಸೀಟು ಬಿಡಬೇಡ ಎಂದು ಹೇಳಿದರು.

ಸುನಿತಾ ಈಗ ಯಾದಗಿರಿಯ ಹಾಸ್ಟೆಲ್ಲಿಗೆ ಹೋಗಲು ಬಟ್ಟೆ ಮಡಚುತ್ತಿದ್ದಾಳೆ. ಕೂಸು ತೆವಳುತ್ತ ಬಂದು ಮಡಚಿದ್ದನ್ನೆಲ್ಲ ಎಳೆದು ಹಾಕುತ್ತದೆ, ಅವಳು ಮತ್ತೆ ಮಡಚುತ್ತಾಳೆ. "ಕೂಸಿನ ಮ್ಯಾಲ ನನಗ ಸಿಟ್ಟಿಲ್ರಿ," ಎನ್ನುತ್ತಾಳೆ. "ಜೀವಾನೇ ಅದ. ಅದಕ್ಕೇ ಹೆದರಿಕಿ ಆಗಿತ್ತು. ಇನ್ನೊಂದು ವರ್ಷ ಇದ್ದಿದ್ರ, ಹೋಗು ಅಂದ್ರೂ ನಾ ಹೋಗ್ತಿರಲಿಲ್ಲ."

ಈಗಲೂ ಎಣ್ಣೆ ತಿಕ್ಕಿಸಿಕೊಳ್ಳುತ್ತ ಹೆಂಗಸರು ಮಲ್ಲಾಬಾಯಿಯನ್ನು ಕೇಳುವುದುಂಟು: ಐವತ್ತರ ಹತ್ತಿರ ಬಂದೀನಿ, ಆಸ್ಪತ್ರೆಗೆ ತೋರಿಸಲೇನು? ಮೊದಲಾಗಿದ್ದರೆ ಸುರಪುರದ ಕಥೆ, ಕೆಂಭಾವಿಯ ಕಥೆ ಎಲ್ಲ ಹೊರಬರುತ್ತಿತ್ತು. ಈಗ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. "ಯಾರ ಸಲುವಾಗಿ?" ಎಂದು ಒಂದೇ ಮಾತು ಕೇಳಿ ತಿಕ್ಕುವುದನ್ನು ಮುಂದುವರಿಸುತ್ತಾರೆ. ಕೆಲವರು ತಟ್ಟನೆ ಹೇಳುತ್ತಾರೆ. ಕೆಲವರು ಮಾತು ಬದಲಿಸಿ, ಮೊಣಕಾಲಿಗೆ ಇನ್ನಷ್ಟು ಎಣ್ಣೆ ಹಚ್ಚು ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮಲ್ಲಾಬಾಯಿಗೆ ನಗು ಬರುತ್ತದೆ. ಅಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದಂತಿಲ್ಲ. ಸೀಳು ಬಿಟ್ಟ ಅಂಗೈಗೆ ಅಂಗೈ ಉಜ್ಜುತ್ತ ಹೇಳುತ್ತಾರೆ:

"ಮುಂದ ಸುನಿತಾ ಒಂದು ಹಡದ್ಲಂದ್ರ, ಆ ಕೂಸಿಗೆ ನಾನೇ..."

ಅಲ್ಲಿಗೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

"ನೋಡ್ರಿ, ಮತ್ತ ಅದೇ ಬಂತು ಬಾಯಾಗ. ಹಡೀಲಿ, ಬಿಡಲಿ, ಅದು ಆಕಿ ಖುಷಿ. ರಜಾಕ್ಕ ಬಂದಾಗ ಆಕಿನ್ನೇ ಕುಂದ್ರಿಸಿ, ತಲಿ ತುಂಬ ಎಣ್ಣಿ ಹಚ್ಚಿ ಎರೀತೀನಿ. ಈ ಮನಿಗೆ ಬಂದಾಗಿಂದ ಆ ಹುಡುಗಿಗೆ ಯಾರೂ ಒಂದು ತಂಬಗಿ ನೀರು ಎರದಿಲ್ರಿ."